ಸರ್ಕಾರಿ ಶಾಲೆಗೆ ಅನುದಾನ ಬಂದರೂ ಸೀಮೆಸುಣ್ಣಕ್ಕೂ ದುಡ್ಡಿಲ್ಲ ಅಂತಾರಲ್ಲ, ಯಾಕೆ?

ಸಂಬಳ, ಬಿಸಿಯೂಟದ ಲೆಕ್ಕ ಬೇರೆ. ದಿನನಿತ್ಯದ ಖರ್ಚಿಗೆ ಬರುವುದು ಮುಖ್ಯವಾಗಿ ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನ. ಅದು ಮಕ್ಕಳ ಸಂಖ್ಯೆ ನೋಡಿ ನಿಗದಿಯಾಗುತ್ತದೆ: 30ರವರೆಗೆ ವರ್ಷಕ್ಕೆ ₹10,000, 31ರಿಂದ 100ಕ್ಕೆ ₹25,000, 250ರವರೆಗೆ ₹50,000.

ತೊಂದರೆ ಇರುವುದೇ ಇಲ್ಲಿ. 28 ಮಕ್ಕಳ ಶಾಲೆಗೆ ತಿಂಗಳಿಗೆ ಸಿಗುವುದು ಸುಮಾರು ₹830. ಅದರಲ್ಲೂ ಶೇ 10ರಷ್ಟನ್ನಾದರೂ ಸ್ವಚ್ಛತೆಗೇ ಬಳಸಬೇಕು. ಆದರೆ ಹಾಜರಿ ಪುಸ್ತಕ, ಫಿನಾಯಿಲ್, ಕೆಟ್ಟ ನಲ್ಲಿ, ಸೋರುವ ಹೆಂಚು ಇವೆಲ್ಲ ಮಕ್ಕಳು ಕಡಿಮೆ ಎಂದು ಅಗ್ಗವಾಗುವುದಿಲ್ಲ. ಚಿಕ್ಕ ಶಾಲೆಗಳಿಗೆ ಈ ಪದ್ಧತಿ ನಿಜಕ್ಕೂ ಅನ್ಯಾಯ. ಹಣ ತಡವಾದರೆ ಮುಖ್ಯ ಶಿಕ್ಷಕರೇ ಕೈಯಿಂದ ಹಾಕಿ, ಮಾರ್ಚ್ ಒಳಗೆ ಬಿಲ್ಲು ಹೊಂದಿಸುವ ಪಾಡು.

ಕರ್ನಾಟಕದಲ್ಲಿ 2023ರ ನವೆಂಬರ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ವಿದ್ಯುತ್, ನೀರು ಉಚಿತ ಎಂದು ಸರ್ಕಾರ ಘೋಷಿಸಿತು. ನಿಮ್ಮೂರ ಶಾಲೆಗೆ ಇನ್ನೂ ಬಿಲ್ಲು ಬರುತ್ತಿದ್ದರೆ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ವಿದ್ಯುತ್ ಸಂಪರ್ಕ ಸಂಖ್ಯೆ) ಯಾರ ಹೆಸರಲ್ಲಿದೆ ಎಂದು ಮೊದಲು ನೋಡಿ.

ನೀವು ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದ್ದರೆ ಯುಡೈಸ್, ಅಂದರೆ ಶಾಲೆಗಳ ಸರ್ಕಾರಿ ಮಾಹಿತಿ ಕೋಶದಲ್ಲಿನ ಮಕ್ಕಳ ದಾಖಲಾತಿಯನ್ನು ತಪ್ಪದೆ ಪರಿಶೀಲಿಸಿ. 31 ಮಕ್ಕಳಿದ್ದೂ 30 ಎಂದು ನಮೂದಾದರೆ ₹15,000 ಹೋಯಿತು. ಕಾಂಪೌಂಡ್, ಶೌಚಾಲಯದಂಥ ದೊಡ್ಡ ಕೆಲಸವನ್ನು ಈ ಹಣದಲ್ಲಿ ಮಾಡಲು ಹೋಗಬೇಡಿ. ಗ್ರಾಮಸಭೆಯಲ್ಲಿ ಕೇಳಿ, ಪಂಚಾಯ್ತಿಯ ಕ್ರಿಯಾ ಯೋಜನೆಗೆ ಸೇರಿಸಿ. ದಾನಿಗಳು ಕೊಟ್ಟದ್ದನ್ನು ಎಸ್‌ಡಿಎಂಸಿ ಖಾತೆಗೇ ಹಾಕಿ ರಸೀದಿ ಕೊಡಿ.