ಟೊರಾಂಟೊ ಸೇರಲೇ, ಲೂಯಿವಿಲ್ ಸೇರಲೇ? ಜಗತ್ತಿನ ಜೊತೆ ಜಾಸ್ತಿ ಸಂಪರ್ಕ ಇರುವ ಊರು ಯಾವುದು?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಸಪ್ಲೈ ಚೈನ್‌ನಲ್ಲಿ ಎಂಎಸ್, ಔಷಧ ಸಾಗಣೆಯ ಕೆಲಸ, ಕೈಯಲ್ಲಿ ಎರಡು ಆಫರ್. ಜಾಗತಿಕ ಊರುಗಳನ್ನು ಆಲ್ಫಾ, ಬೀಟಾ, ಗಾಮಾ ಅಂತ ವಿಂಗಡಿಸುವ ಪಟ್ಟಿಯಲ್ಲಿ ಕೆನಡಾದ ಟೊರಾಂಟೊ 'ಆಲ್ಫಾ' ಊರು, ಅಮೆರಿಕದ ಕೆಂಟಕಿಯ ಲೂಯಿವಿಲ್ ಎಲ್ಲೋ ಕೆಳಗಿದೆ, ಹಾಗಾಗಿ ಮನಸ್ಸು ಟೊರಾಂಟೊ ಕಡೆ ವಾಲುತ್ತಿದೆ ಅಂತ ಬರೆದಿದ್ದೀರಿ. 2016ರಲ್ಲಿ ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ಆಗ ನನ್ನ ಮುಂದೆ ಇದ್ದದ್ದು ನ್ಯೂಯಾರ್ಕ್ ಮತ್ತು ಟೆನ್ನೆಸ್ಸೀ ರಾಜ್ಯದ ಮೆಂಫಿಸ್.

ನಾನು ಶಿವಮೊಗ್ಗದವಳು. ಅಮೆರಿಕಕ್ಕೆ ಬರುವ ಮುಂಚೆ ಮೂರು ವರ್ಷ ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಕಾರ್ಗೋ ಬುಕಿಂಗ್ ಮಾಡುತ್ತಿದ್ದೆ. ಫೆಬ್ರವರಿ ಬಂತೆಂದರೆ ನಿದ್ದೆ ಇರುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಕಡೆಯ ಪಾಲಿಹೌಸ್‌ಗಳಿಂದ ತಾಜ್ ಮಹಲ್ ಗುಲಾಬಿಯ ಪೆಟ್ಟಿಗೆಗಳು ಬರುತ್ತಿದ್ದವು. ಪ್ರೇಮಿಗಳ ದಿನಕ್ಕೆ ಮುಂಚೆ ಅವು ಸಿಂಗಪುರ, ಕೌಲಾಲಂಪುರ, ಗಲ್ಫ್ ಮುಟ್ಟಬೇಕು. ಒಂದು ವಿಮಾನ ತಪ್ಪಿದರೆ ಬೆಳೆಗಾರನ ವರ್ಷದ ಲೆಕ್ಕವೇ ತಲೆಕೆಳಗಾಗುತ್ತಿತ್ತು. ಆ ಕೆಲಸ ನನಗೆ ತುಂಬಾ ಇಷ್ಟ. ಸರಕು ಯಾವ ದಾರಿಯಲ್ಲಿ ಹೋಗುತ್ತೆ, ಯಾಕೆ ಆ ದಾರಿಯಲ್ಲೇ ಹೋಗುತ್ತೆ ಅನ್ನೋದನ್ನು ಇನ್ನೂ ಚೆನ್ನಾಗಿ ಕಲಿಯಬೇಕು ಅಂತಲೇ ಎಂಎಸ್‌ಗೆ ಬಂದೆ.

ಓದು ಮುಗಿಯುವ ಹೊತ್ತಿಗೆ ಎರಡು ಆಫರ್ ಬಂದವು. ಮೆಂಫಿಸ್‌ನದು ಮೂಳೆ ಆಪರೇಷನ್‌ಗೆ ಬೇಕಾದ ಇಂಪ್ಲಾಂಟ್‌ಗಳನ್ನು ಆಸ್ಪತ್ರೆಗಳಿಗೆ ರಾತ್ರೋರಾತ್ರಿ ಕಳಿಸುವ ಗೋದಾಮಿನಲ್ಲಿ ಪ್ಲಾನಿಂಗ್ ಕೆಲಸ. ನ್ಯೂಯಾರ್ಕ್‌ನದು ಮ್ಯಾನ್‌ಹ್ಯಾಟನ್‌ನ ಆಫೀಸಿನಲ್ಲಿ ಒಂದು ಕಂಪನಿಯ ಫ್ರೈಟ್ ಡೆಸ್ಕ್, ಅಂದರೆ ಸರಕು ಸಾಗಣೆ ನೋಡಿಕೊಳ್ಳುವ ವಿಭಾಗ. ಸಂಬಳ ಹೆಚ್ಚುಕಮ್ಮಿ ಒಂದೇ. ಇಬ್ಬರೂ ಎಚ್1ಬಿ ಕೆಲಸದ ವೀಸಾಗೆ ಅರ್ಜಿ ಹಾಕುತ್ತೇವೆ ಅಂದಿದ್ದರು.

ಇಲ್ಲಿ ನಾನು ಮಾಡಿದ ತಪ್ಪನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ನೋಡಿರುವ ಆ ಆಲ್ಫಾ, ಬೀಟಾ, ಗಾಮಾ ಪಟ್ಟಿಯನ್ನೇ ನಾನೂ ನೋಡಿದೆ. ಎಲ್ಲಕ್ಕಿಂತ ಮೇಲಿನ 'ಆಲ್ಫಾ ಪ್ಲಸ್ ಪ್ಲಸ್' ಸಾಲಿನಲ್ಲಿ ಎರಡೇ ಊರು: ಲಂಡನ್, ನ್ಯೂಯಾರ್ಕ್. ಉತ್ತರ ಅಮೆರಿಕದಲ್ಲಿ ಅದರ ಕೆಳಗೆ ಲಾಸ್ ಏಂಜಲೀಸ್, ಚಿಕಾಗೊ, ಟೊರಾಂಟೊ, ಮೆಕ್ಸಿಕೊ ಸಿಟಿ. ಮೆಂಫಿಸ್ ಹುಡುಕಿದೆ. ಕೆಳಗೆ, ಇನ್ನೂ ಕೆಳಗೆ ಹೋದ ಮೇಲೆ ಸಿಕ್ಕಿತು. ಅಷ್ಟಕ್ಕೇ ತೀರ್ಮಾನ ಮಾಡಿಬಿಟ್ಟೆ. ಮನೆಗೆ ಫೋನ್ ಮಾಡಿದಾಗ ಚಿಕ್ಕಪ್ಪ "ಮೆಂಫಿಸ್ ಎಲ್ಲಿದೆಯಮ್ಮಾ?" ಅಂದರು. ನ್ಯೂಯಾರ್ಕ್ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ. ಅದೂ ನನ್ನ ತಲೆಯಲ್ಲಿ ಕೂತಿತು.

ಆ ಪಟ್ಟಿ ಏನನ್ನು ಎಣಿಸುತ್ತೆ ಅಂತ ನಾನು ಓದಲಿಲ್ಲ. ನನ್ನ ತಪ್ಪು ಇದೇ. ಅದನ್ನು ಮಾಡುವುದು ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ 1998ರಲ್ಲಿ ಪೀಟರ್ ಟೇಲರ್ ಶುರುಮಾಡಿದ ಸಂಶೋಧಕರ ತಂಡ. ಅವರು ಎಣಿಸುವುದು ದೊಡ್ಡ ಆಡಿಟ್ ಕಂಪನಿ, ಲಾ ಫರ್ಮ್, ಬ್ಯಾಂಕ್, ಜಾಹೀರಾತು ಏಜೆನ್ಸಿ, ಮ್ಯಾನೇಜ್‌ಮೆಂಟ್ ಕನ್ಸಲ್ಟೆನ್ಸಿಗಳನ್ನು. ಇವುಗಳ ಆಫೀಸು ಯಾವ ಯಾವ ಊರಲ್ಲಿವೆ, ಎಷ್ಟು ದೊಡ್ಡವು ಅಂತ ನೋಡಿ, ಅದರಿಂದ ಊರೂರಿನ ನಡುವಿನ ನಂಟನ್ನು ಅಳೆಯುತ್ತಾರೆ. ಅವರು ಅದನ್ನು ಮುಚ್ಚಿಟ್ಟಿಲ್ಲ, ಸ್ಪಷ್ಟವಾಗಿಯೇ ಬರೆದಿದ್ದಾರೆ. ವಿಮಾನ ಇಲ್ಲ, ಹಡಗು ಇಲ್ಲ, ಗೋದಾಮು ಇಲ್ಲ. ಅಂದರೆ ನನ್ನ ಕಸುಬು ಆ ಲೆಕ್ಕದಲ್ಲೇ ಇರಲಿಲ್ಲ! ವಕೀಲರಿಗೂ ಆಡಿಟರ್‌ಗಳಿಗೂ ಅರ್ಥ ಕೊಡುವ ಪಟ್ಟಿ ಹಿಡಿದುಕೊಂಡು, ಸರಕು ಸಾಗಿಸುವವಳು ಊರು ಆರಿಸಿದೆ. ಒಂದು ಪ್ಯಾರಾ ಓದಿದ್ದರೆ ಸಾಕಿತ್ತು. ಎರಡು ನಿಮಿಷದ ಕೆಲಸ.

ಇದರ ಜೊತೆಗೆ ಇನ್ನೂ ಒಂದು. ಇಂಟರ್‌ವ್ಯೂ ಮಾಡಿದ ಮೆಂಫಿಸ್‌ನ ಮ್ಯಾನೇಜರ್ ಫೋನ್ ಇಡುವ ಮುಂಚೆ, "ತೀರ್ಮಾನ ಮಾಡುವ ಮುಂಚೆ ಒಂದು ಸಲ ಬನ್ನಿ, ರಾತ್ರಿ ಹನ್ನೊಂದರ ಮೇಲೆ ಏರ್‌ಪೋರ್ಟ್ ಹತ್ತಿರ ಕರೆದುಕೊಂಡು ಹೋಗುತ್ತೇನೆ" ಅಂದಿದ್ದರು. ಟಿಕೆಟ್ ಖರ್ಚೂ ಅವರದೇ. ಪರೀಕ್ಷೆ ಇದೆ ಅಂತ ಹೇಳಿ ತಪ್ಪಿಸಿಕೊಂಡೆ. ಪರೀಕ್ಷೆಗೆ ಇನ್ನೂ ಹತ್ತು ದಿನ ಇತ್ತು.

ನ್ಯೂಯಾರ್ಕ್‌ಗೆ ಹೋದೆ. ಜರ್ಸಿ ಸಿಟಿಯಲ್ಲಿ ಮನೆ, ಪಾತ್ ರೈಲಿನಲ್ಲಿ ಆಫೀಸು. ಊರು ಇಷ್ಟವಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ತುಂಬಾ ಇಷ್ಟವಾಯಿತು. ವಿಶ್ವಸಂಸ್ಥೆ ಅಲ್ಲಿದೆ, ಷೇರು ಮಾರುಕಟ್ಟೆ ಅಲ್ಲಿದೆ. ಬ್ಯಾಂಕು, ಪತ್ರಿಕೆ, ರಾಜತಾಂತ್ರಿಕ ಕೆಲಸ ಮಾಡುವವರಿಗೆ ಅದಕ್ಕಿಂತ ದೊಡ್ಡ ಊರು ಈ ಖಂಡದಲ್ಲಿ ಇಲ್ಲ. ಆದರೆ ನಮ್ಮ ಡೆಸ್ಕ್ ಇಡೀ ಕಂಪನಿಯಲ್ಲಿ ಮೂಲೆಯ ಆರು ಕುರ್ಚಿ. ನಾನು ಸರಕು ನೋಡುತ್ತಿದ್ದದ್ದು ಸ್ಕ್ರೀನ್ ಮೇಲೆ ಮಾತ್ರ.

2019ರ ಫೆಬ್ರವರಿಯಲ್ಲಿ ನಮ್ಮ ಡೆಸ್ಕನ್ನೇ ಅಲ್ಲಿಂದ ಎತ್ತಿದರು. ಎಲ್ಲಿಗೆ ಹೋಯಿತು ಗೊತ್ತಾ? ಟೆನ್ನೆಸ್ಸೀಗೆ, ಮೆಂಫಿಸ್‌ನಿಂದ ಅರ್ಧ ಗಂಟೆಯ ದಾರಿ. ಕಾರಣ ಸರಳ. ನಮ್ಮ ಕಸುಬಿನಲ್ಲಿ ಎಲ್ಲವೂ ಕಟ್‌ಆಫ್ ಮೇಲೆ, ಅಂದರೆ ಪೆಟ್ಟಿಗೆ ಒಪ್ಪಿಸಬೇಕಾದ ಕೊನೆಯ ಗಳಿಗೆಯ ಮೇಲೆ ನಿಂತಿದೆ. ನ್ಯೂಜರ್ಸಿಯ ಗೋದಾಮಿನಿಂದ ನಾಳೆ ಬೆಳಿಗ್ಗೆ ಮುಟ್ಟಬೇಕಾದ ಪೆಟ್ಟಿಗೆಯನ್ನು ಸಂಜೆಯೊಳಗೆ ಒಪ್ಪಿಸಬೇಕು, ಯಾಕೆಂದರೆ ಅದು ಮೊದಲು ಹಬ್‌ಗೆ, ಅಂದರೆ ಎಲ್ಲ ಕಡೆಯ ಸರಕನ್ನು ತಂದು ವಿಂಗಡಿಸುವ ಏರ್‌ಪೋರ್ಟ್‌ಗೆ ಹಾರಿ ಹೋಗಬೇಕು. ಗೋದಾಮೇ ಹಬ್ ಪಕ್ಕದಲ್ಲಿದ್ದರೆ ರಾತ್ರಿ ತುಂಬಾ ಹೊತ್ತಿನವರೆಗೂ ಆರ್ಡರ್ ತೆಗೆದುಕೊಳ್ಳಬಹುದು. ಆ ನಾಲ್ಕೈದು ಗಂಟೆಗೆ ಆಸ್ಪತ್ರೆಗಳು ದುಡ್ಡು ಕೊಡುತ್ತವೆ. ಗೋದಾಮು ಹೋಯಿತು, ಹಿಂದೆಯೇ ಡೆಸ್ಕೂ ಹೋಯಿತು. ನಮ್ಮನ್ನು ಕರೆದುಕೊಂಡು ಹೋಗಲಿಲ್ಲ.

ಎಚ್1ಬಿಯಲ್ಲಿ ಇರುವವರಿಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಬ್ಬರು ಅರ್ಜಿ ಹಾಕಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ನ್ಯೂಯಾರ್ಕ್‌ನಂಥ ಊರಲ್ಲಿ ಕೆಲಸಕ್ಕೇನು ಬರ ಅಂತ ಎಲ್ಲರೂ ಅಂದರು. ಬರ ಇರಲಿಲ್ಲ, ಆದರೆ ನನ್ನ ಕೆಲಸಕ್ಕೆ ಇತ್ತು. ಗ್ರೀನ್ ಕಾರ್ಡ್‌ನ ಮೊದಲ ಹೆಜ್ಜೆಯಾದ ಪರ್ಮ್ ಅರ್ಜಿಗೆ ತಯಾರಿ ನಡೆದಿತ್ತು. ಅದೂ ಅಲ್ಲೇ ನಿಂತಿತು. ನಾನು ಬೇಡ ಅಂದ ಮೆಂಫಿಸ್ ಕುರ್ಚಿಗೆ ನನ್ನ ಕ್ಲಾಸಿನವಳೇ ಹೋಗಿದ್ದಳು. ಪರ್ಮ್ ಆದ ಮೇಲಿನ ಹೆಜ್ಜೆಯಾದ ಐ-140 ಅರ್ಜಿ ಅವಳದು ಅದಕ್ಕೆ ಹಿಂದಿನ ವರ್ಷವೇ ಪಾಸಾಗಿತ್ತು. ಗ್ರೀನ್ ಕಾರ್ಡ್‌ಗೆ ಕಾಯುವ ಭಾರತದವರ ಸಾಲು ಎಷ್ಟು ಉದ್ದ ಅಂತ ನಿಮಗೇ ಗೊತ್ತು. ಅಲ್ಲಿ ಹಿಂದೆ ಬಿದ್ದ ದಿನಗಳು ವಾಪಸ್ ಬರುವುದಿಲ್ಲ.

ಮಾರ್ಚ್‌ನಲ್ಲಿ ಇನ್ನೊಂದು ಕಂಪನಿಯ ಇಂಟರ್‌ವ್ಯೂಗೆ ಮೆಂಫಿಸ್‌ಗೆ ಹೋದೆ. ಆ ಗೆಳತಿಯೇ ಮನೆಯಲ್ಲಿ ಇಟ್ಟುಕೊಂಡಳು. ರಾತ್ರಿ ಊಟ ಆದ ಮೇಲೆ ಏರ್‌ಪೋರ್ಟ್ ಪಕ್ಕದ ರಸ್ತೆಯಲ್ಲಿ ಕಾರು ನಿಲ್ಲಿಸಿದಳು. ಆಕಾಶದಲ್ಲಿ ದೀಪಗಳ ಸಾಲು. ಒಂದು ವಿಮಾನ ಇಳಿಯುತ್ತೆ, ಹಿಂದೆಯೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಒಂದು ರಾತ್ರಿಗೆ ನೂರಕ್ಕೂ ಜಾಸ್ತಿ. ಇಳಿದ ಸರಕನ್ನೆಲ್ಲ ಮಧ್ಯರಾತ್ರಿಯಲ್ಲಿ ವಿಂಗಡಿಸಿ, ಬೆಳಗಿನ ಜಾವ ಮತ್ತೆ ಹಾರಿಸುತ್ತಾರೆ. ಪಾರ್ಸೆಲ್ ಕಂಪನಿ ಫೆಡ್‌ಎಕ್ಸ್ ಇಲ್ಲಿಂದ ಶುರುವಾದದ್ದು 1973ರ ಏಪ್ರಿಲ್ 17ಕ್ಕೆ. ಮೊದಲ ರಾತ್ರಿ 14 ವಿಮಾನ, 186 ಪೊಟ್ಟಣ. ದೇಶದ ನಡುಭಾಗಕ್ಕೆ ಹತ್ತಿರ, ಮಂಜು ಹಿಮಕ್ಕೆ ಏರ್‌ಪೋರ್ಟ್ ಮುಚ್ಚುವುದು ಅಪರೂಪ, ಊರಿನವರೂ ಜಾಗ ಮಾಡಿಕೊಡಲು ತಯಾರಿದ್ದರು. ಹಾಗಾಗಿ ಮೆಂಫಿಸ್ ಆರಿಸಿದರು. 1993ರಿಂದ 2009ರವರೆಗೆ ಜಗತ್ತಿನಲ್ಲೇ ಅತಿ ಹೆಚ್ಚು ಸರಕು ಹಾಯ್ದ ಏರ್‌ಪೋರ್ಟ್ ಅದು. ಇಂಪ್ಲಾಂಟ್ ಮಾಡುವ ದೊಡ್ಡ ಕಂಪನಿಗಳು ಆ ಊರಲ್ಲಿ ಗುಂಪುಗೂಡಲು ಈ ರಾತ್ರಿಯ ವಿಮಾನಗಳೂ ಒಂದು ದೊಡ್ಡ ಕಾರಣ.

ಕಾರಿನಲ್ಲಿ ಕೂತು ಅತ್ತೆ. ಬೆಂಗಳೂರಿನಲ್ಲಿ ಗುಲಾಬಿ ಪೆಟ್ಟಿಗೆಯ ಮುಂದೆ ನಿಂತು ನಾನು ನೋಡಬೇಕು ಅಂದುಕೊಂಡಿದ್ದು ಇದನ್ನೇ. ಮೂರು ವರ್ಷದ ಹಿಂದೆ ಒಬ್ಬರು ಕರೆದು ತೋರಿಸುತ್ತೇನೆ ಅಂದಿದ್ದರು.

ಆ ಇಂಟರ್‌ವ್ಯೂ ಆಗಲಿಲ್ಲ. 53ನೇ ದಿನ ಚಿಕಾಗೊದ ಓಹೇರ್ ಏರ್‌ಪೋರ್ಟ್ ಪಕ್ಕ ಒಂದು ಕೆಲಸ ಸಿಕ್ಕಿತು, ಒಂದು ಮೆಟ್ಟಿಲು ಕೆಳಗೆ, ಸಂಬಳವೂ ಕಮ್ಮಿ. ಈಗಲೂ ಇಲ್ಲೇ ಇದ್ದೇನೆ. ಚಿಕಾಗೊವೂ ಆಲ್ಫಾ ಊರೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ನನಗೆ ಕೆಲಸ ಕೊಟ್ಟದ್ದು ಅದರ ಆಡಿಟ್ ಆಫೀಸುಗಳಲ್ಲ. 1848ರ ಒಂದೇ ವರ್ಷದಲ್ಲಿ ಈ ಊರಿಗೆ ಕಾಲುವೆ ಬಂತು, ಮೊದಲ ರೈಲು ಬಂತು, ಟೆಲಿಗ್ರಾಫ್ ಬಂತು, ಧಾನ್ಯದ ವ್ಯಾಪಾರಕ್ಕೆ ಬೋರ್ಡ್ ಆಫ್ ಟ್ರೇಡ್ ಹುಟ್ಟಿತು. ಇವತ್ತಿಗೂ ಅಮೆರಿಕದ ರೈಲು ಸರಕಿನಲ್ಲಿ ಸುಮಾರು ಕಾಲು ಭಾಗ ಚಿಕಾಗೊ ಸುತ್ತಮುತ್ತ ಹಾಯ್ದು ಹೋಗುತ್ತೆ. ಇಲ್ಲಿ ಈ ಕೆಲಸ ಹೋದರೆ ಇದೇ ಕೆಲಸ ಕೊಡುವ ಇನ್ನೂ ಇಪ್ಪತ್ತು ಬಾಗಿಲು ಅರ್ಧ ಗಂಟೆಯೊಳಗಿವೆ. ಅದಕ್ಕೇ ನನಗೆ ಈಗ ರಾತ್ರಿ ನಿದ್ದೆ ಬರುತ್ತೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಊರಿಗೆ ಜಾಗತಿಕ ಪ್ರಭಾವ ಜಾಸ್ತಿ ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ಬಿಟ್ಟುಬಿಡಿ ಅಂತ ನಾನು ಹೇಳುವುದು. ಒಂದೇ ಏಣಿ ಇದೆ, ಅದರಲ್ಲಿ ಊರುಗಳು ಮೇಲೆ ಕೆಳಗೆ ನಿಂತಿವೆ ಅಂದುಕೊಂಡಿದ್ದೀರಿ. ಹಾಗಿಲ್ಲ. ಕೊಲಂಬಿಯಾ, ಈಕ್ವೆಡಾರ್‌ನಿಂದ ಅಮೆರಿಕಕ್ಕೆ ಬರುವ ಹೂವಿನ ಬಹುಪಾಲು ಇಳಿಯುವುದು ಮಯಾಮಿಯಲ್ಲಿ. ಹೂವಿನವರಿಗೆ ನ್ಯೂಯಾರ್ಕ್‌ಗಿಂತ ಮಯಾಮಿ ದೊಡ್ಡದು. ಏಷ್ಯಾದಿಂದ ಬರುವ ಸರಕು ವಿಮಾನಗಳಲ್ಲಿ ಬಹಳಷ್ಟು ಇಂಧನಕ್ಕೆ ನಿಲ್ಲುವುದು ಅಲಾಸ್ಕಾದ ಆಂಕರೇಜ್‌ನಲ್ಲಿ. ಊರು ಚಿಕ್ಕದು, ಕಾರ್ಗೋ ಮಾತ್ರ ಜಗತ್ತಿನ ದೊಡ್ಡ ಏರ್‌ಪೋರ್ಟ್‌ಗಳ ಸಾಲಿನದು. ಪ್ರಯಾಣಿಕರ ಲೆಕ್ಕದಲ್ಲಿ ಅಟ್ಲಾಂಟಾ ಮೊದಲು. ಗಣಿ ಕಂಪನಿಗಳಿಗೆ ಬಂಡವಾಳ ಎತ್ತಬೇಕಾದರೆ ಟೊರಾಂಟೊ, ಯಾಕೆಂದರೆ ಜಗತ್ತಿನ ಗಣಿ ಕಂಪನಿಗಳು ಅತಿ ಹೆಚ್ಚು ನೋಂದಣಿ ಆಗಿರುವುದು ಅಲ್ಲಿನ ಷೇರುಪೇಟೆಯಲ್ಲೇ.

ಮೇಲಿರುವ ಊರು ಮೇಲೆಯೇ ಇರುತ್ತೆ ಅಂತಲೂ ಇಲ್ಲ. ಮಾಂಟ್ರಿಯಲ್ ನೋಡಿ. ಅಂತರರಾಷ್ಟ್ರೀಯ ವಿಮಾನಯಾನದ ನಿಯಮ ಮಾಡುವ ಐಕಾವೊ ಇರುವುದು ಅಲ್ಲಿ. ಒಂದು ಕಾಲದಲ್ಲಿ ಕೆನಡಾದ ದುಡ್ಡೆಲ್ಲ ಅಲ್ಲೇ ಇತ್ತು. 1975ರಲ್ಲಿ ಮಿರಾಬೆಲ್ ಅಂತ ಭಾರಿ ಏರ್‌ಪೋರ್ಟ್ ಕಟ್ಟಿದರು. ಅಷ್ಟರಲ್ಲಿ ದುಡ್ಡು ಟೊರಾಂಟೊ ಕಡೆ ಹೊರಟಿತ್ತು, ದೂರ ಹಾರುವ ಜೆಟ್‌ಗಳಿಗೆ ಮಾಂಟ್ರಿಯಲ್‌ನಲ್ಲಿ ನಿಲ್ಲುವ ಅಗತ್ಯವೂ ಉಳಿದಿರಲಿಲ್ಲ. 2004ರಲ್ಲಿ ಮಿರಾಬೆಲ್‌ನಿಂದ ಪ್ರಯಾಣಿಕರ ವಿಮಾನಗಳು ನಿಂತೇ ಹೋದವು.

ನಿಮ್ಮದು ಔಷಧ ಸಾಗಣೆ. ಲೂಯಿವಿಲ್‌ನಲ್ಲಿ ಯುಪಿಎಸ್ ಅನ್ನೋ ಪಾರ್ಸೆಲ್ ಕಂಪನಿಯ ಹಬ್ ವರ್ಲ್ಡ್‌ಪೋರ್ಟ್ ಇದೆ, ಗಂಟೆಗೆ ನಾಲ್ಕು ಲಕ್ಷಕ್ಕೂ ಜಾಸ್ತಿ ಪೊಟ್ಟಣ ವಿಂಗಡಿಸುವ ಜಾಗ. 2020ರ ಡಿಸೆಂಬರ್ 13ರಂದು ಮಿಷಿಗನ್‌ನಿಂದ ಕೊರೊನಾ ಲಸಿಕೆಯ ಮೊದಲ ಪೆಟ್ಟಿಗೆಗಳು ಹೊರಟಾಗ ಎಲ್ಲಿಗೆ ಹೋದವು ನೆನಪಿದೆಯಾ? ಒಂದು ಪಾಲು ಮೆಂಫಿಸ್‌ಗೆ, ಒಂದು ಪಾಲು ಲೂಯಿವಿಲ್‌ಗೆ. ಅಲ್ಲಿಂದ ದೇಶವೆಲ್ಲ. ನಾನು ಟಿವಿ ಮುಂದೆ ಕೂತು ನೋಡುತ್ತಿದ್ದೆ. ಆ ಭಾನುವಾರ ಇಡೀ ದೇಶ ಕಾಯುತ್ತಿದ್ದದ್ದು ಈ ಎರಡು ಊರಿಗೆ. ನಿಮ್ಮ ಕೆಲಸದ ಪಾಲಿಗೆ ಜಗತ್ತಿನ ಜೊತೆ ಸಂಪರ್ಕ ಅಂದರೆ ಇದು.

ತೊಂದರೆಗಳನ್ನೂ ಹೇಳಬೇಕು. ಲೂಯಿವಿಲ್‌ನಿಂದ ಬೆಂಗಳೂರಿಗೆ ಸಾಮಾನ್ಯವಾಗಿ ಎರಡು ಕಡೆ ವಿಮಾನ ಬದಲಿಸಬೇಕು. ಅಪ್ಪ ಅಮ್ಮ ಒಬ್ಬೊಬ್ಬರೇ ಬರುವುದು ಕಷ್ಟ. ಪಾಸ್‌ಪೋರ್ಟ್ ಕೆಲಸ ಬಂದರೆ ಭಾರತದ ಕಾನ್ಸುಲೇಟ್ ಊರಲ್ಲಿಲ್ಲ. ನಮ್ಮವರೂ ಕಮ್ಮಿ. ಟೊರಾಂಟೊದಲ್ಲಿ ಇವೆಲ್ಲ ಸುಲಭ. ಮತ್ತೆ ಕೆನಡಾದ ಪಿಆರ್, ಅಂದರೆ ಕಾಯಂ ವಾಸದ ಅನುಮತಿ ಇದೆಯಲ್ಲ, ಅದು ನಿಜವಾಗಿಯೂ ದೊಡ್ಡ ವಿಷಯ. ಎಚ್1ಬಿಯ ಹಾಗೆ ಲಾಟರಿ ಇಲ್ಲ, ಭಾರತದವರಿಗೆ ಬೇರೆ ಸಾಲೂ ಇಲ್ಲ. ನೀವು ಪಿಆರ್‌ಗಾಗಿ ಟೊರಾಂಟೊಗೆ ಹೋಗುತ್ತೇನೆ ಅಂದರೆ ನಾನು ಒಂದು ಮಾತೂ ಆಡುವುದಿಲ್ಲ. ಆಲ್ಫಾ ಅಂತ ಹೋಗುತ್ತೇನೆ ಅಂದರೆ ಮಾತ್ರ ದಯವಿಟ್ಟು ಬೇಡ. ಮೊದಲು ಆ ಟೊರಾಂಟೊ ಆಫರ್ ಕೊಟ್ಟವರಿಗೆ ಕೇಳಿ: ನಿಮ್ಮ ಗೋದಾಮು ಎಲ್ಲಿದೆ, ನಾನು ಕೂರುವ ಕುರ್ಚಿ ಅದರಿಂದ ಎಷ್ಟು ದೂರ?

ಉತ್ತರ ಕೊಡಲು ಇನ್ನೂ ಒಂದು ವಾರ ಇದೆ ಅಂತ ಬರೆದಿದ್ದೀರಿ. ನೀವಿರುವ ಟೆಕ್ಸಾಸ್‌ನಿಂದ ಲೂಯಿವಿಲ್‌ಗೆ ಹೋಗಿ ಬರಲು ಎರಡು ದಿನ ಸಾಕು. ಲೂಯಿವಿಲ್‌ನವರಿಗೆ ಇವತ್ತೇ ಮೇಲ್ ಮಾಡಿ, ರಾತ್ರಿ ಸರಕು ವಿಂಗಡಿಸುವುದನ್ನು ನೋಡಬೇಕು ಅನ್ನಿ. ಒಳಗೆ ಬಿಡಲು ಆಗಲ್ಲ ಅಂದರೂ ಪರವಾಗಿಲ್ಲ, ಒಂದು ಬಾಡಿಗೆ ಕಾರು ತೆಗೆದುಕೊಂಡು ಹನ್ನೊಂದರ ಮೇಲೆ ರನ್‌ವೇ ಕಾಣುವ ಕಡೆ ನಿಲ್ಲಿಸಿ. ನೋಡಿ ಬಂದ ಮೇಲೆ ಏನು ತೀರ್ಮಾನ ಮಾಡಿದಿರಿ ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ಕಾಯುತ್ತಿರುತ್ತೇನೆ.