ಏಳು ಬಾಂಬು ಬಿದ್ದರೂ ನಾಲ್ಕು ದಿನ ತೇಲಿದ ತೈಲ ಹಡಗು ನಿಯೋಶೋ

ನೀವು ಕೇಳಿರುವುದು ಅಮೆರಿಕದ ನೌಕಾಪಡೆಯ ತೈಲ ಹಡಗು ನಿಯೋಶೋ ಬಗ್ಗೆ: 1942ರ ಕೋರಲ್ ಸಮುದ್ರದ ಕಾಳಗದಲ್ಲಿ ಏಳು ಬಾಂಬು ಬಿದ್ದರೂ ಅದು ಮುಳುಗಲಿಲ್ಲ ಯಾಕೆ, ಮುಳುಗದಿದ್ದ ಹಡಗಿನಲ್ಲಿ ಅಷ್ಟೊಂದು ಜನ ಸತ್ತದ್ದು ಹೇಗೆ? ಹಡಗು ತೇಲಿದ್ದು ಅದನ್ನು ಕಟ್ಟಿದ ರೀತಿಯಿಂದ. ಜನ ಸತ್ತದ್ದು ಬಾಂಬಿಗಿಂತ ಹೆಚ್ಚಾಗಿ ಅಪಾರ್ಥವಾದ ಒಂದು ಆದೇಶದಿಂದ, ಆಮೇಲೆ ತಪ್ಪಿದ ಒಂದು ಲೆಕ್ಕದಿಂದ.

ನಿಯೋಶೋ ಸಿಮರಾನ್ ವರ್ಗದ ಹಡಗು. 1939ರ ಆಗಸ್ಟ್‌ನಲ್ಲಿ ಸೇವೆಗೆ ಬಂತು. ಉದ್ದ 553 ಅಡಿ, ಹೊರುತ್ತಿದ್ದದ್ದು 1,46,000 ಬ್ಯಾರೆಲ್, ಅಂದರೆ ಸುಮಾರು 2.3 ಕೋಟಿ ಲೀಟರ್. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯ ಅದರ ವೇಗ: 18 ನಾಟ್, ಅಂದರೆ ಗಂಟೆಗೆ ಸುಮಾರು 33 ಕಿ.ಮೀ. ಹಳೆಯ ತೈಲ ಹಡಗುಗಳಿಗಾಗಿ ಇಡೀ ಪಡೆ ನಿಧಾನಿಸಬೇಕಿತ್ತು. ನಿಧಾನಿಸಿದರೆ ಜಲಾಂತರ್ಗಾಮಿಯ ಬಾಯಿಗೆ ಬಿದ್ದಂತೆ.

ಸಮುದ್ರದ ಮಧ್ಯೆ ಎಣ್ಣೆ ಕೊಡುವುದು ನಿಂತಲ್ಲೇ ಮಾಡುವ ಕೆಲಸವಲ್ಲ. ಎರಡೂ ಹಡಗು ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಅಕ್ಕಪಕ್ಕ ಸಾಗುತ್ತಿರಬೇಕು. ತೈಲ ಹಡಗಿನ ಬೂಮ್‌ಗಳಿಂದ, ಅಂದರೆ ಹೊರಚಾಚಿದ ಉದ್ದ ತೋಳುಗಳಿಂದ, ದಪ್ಪ ರಬ್ಬರ್ ಪೈಪನ್ನು ಸಡಿಲವಾಗಿ ಜೋತುಬಿಟ್ಟು ಆಚೆ ದಾಟಿಸುತ್ತಾರೆ. ಎಣ್ಣೆ ಮಂದವಾದ್ದರಿಂದ ಟ್ಯಾಂಕಿನೊಳಗಿನ ಹಬೆಯ ಸುರುಳಿಗಳಿಂದ ಬಿಸಿಮಾಡಿ ಪಂಪು ಮಾಡಬೇಕು. ತೊಂದರೆ ಬರುವುದು ಎರಡು ಹಡಗುಗಳ ನಡುವಿನ ನೀರಿನಿಂದ. ಆ ಇಕ್ಕಟ್ಟಿನಲ್ಲಿ ನೀರು ವೇಗವಾಗಿ ಹರಿದು ಒತ್ತಡ ಕುಸಿಯುತ್ತದೆ, ಹಡಗುಗಳು ಒಂದನ್ನೊಂದು ಸೆಳೆಯುತ್ತವೆ. ಚುಕ್ಕಾಣಿ ಹಿಡಿದವನು ಹೆದರಿ ಹೆಚ್ಚು ತಿರುಗಿಸಿದರೆ ಪೈಪು ಹರಿದುಹೋಗುತ್ತದೆ, ತಡಮಾಡಿದರೆ ಬದಿಗೆ ಬದಿ ಬಡಿಯುತ್ತದೆ.

ಕೋರಲ್ ಸಮುದ್ರದ ಕಾಳಗಕ್ಕೆ ಮೊದಲೇ, ಜಪಾನ್ ದಾಳಿ ಮಾಡಿದ 1941ರ ಡಿಸೆಂಬರ್ 7ರಂದು, ನಿಯೋಶೋ ಹವಾಯಿಯ ಪರ್ಲ್ ಹಾರ್ಬರಿನಲ್ಲಿತ್ತು. ಫೋರ್ಡ್ ದ್ವೀಪದ ಪೆಟ್ರೋಲ್ ಕಟ್ಟೆಯಲ್ಲಿ, ಯುದ್ಧನೌಕೆಗಳ ಸಾಲಿನ ಮಗ್ಗುಲಲ್ಲೇ, ವಿಮಾನದ ಪೆಟ್ರೋಲ್ ಇಳಿಸುವ ಕೆಲಸದಲ್ಲಿ. ಪೆಟ್ರೋಲ್ ಇಳಿಸಿದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಯಾಕೆಂದರೆ ಸಿಡಿಯುವುದು ಗಾಳಿ ಬೆರೆತ ಆವಿ. ಹಡಗಿನ ನಾಯಕ ಕಮಾಂಡರ್ ಜಾನ್ ಎಸ್. ಫಿಲಿಪ್ಸ್ ದಾಳಿಯ ನಡುವೆಯೇ ಹಡಗನ್ನು ಅಲ್ಲಿಂದ ಹೊರಡಿಸಿ ಬಂದರಿನ ಸುರಕ್ಷಿತ ಮೂಲೆಗೆ ಒಯ್ದರು. ಅಷ್ಟಾಗಿ ಗಾಯಗೊಂಡವರು ಮೂವರು ಮಾತ್ರ. ಇದಕ್ಕಾಗಿ ಫಿಲಿಪ್ಸ್‌ಗೆ ನೇವಿ ಕ್ರಾಸ್ ಎಂಬ ಶೌರ್ಯ ಪದಕ ಬಂತು.

ಈಗ ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರಕ್ಕೆ ಬರೋಣ. 1942ರ ಮೇ 6ರಂದು ವಿಮಾನವಾಹಕ ನೌಕೆ ಯಾರ್ಕ್‌ಟೌನ್ ಮತ್ತು ಕ್ರೂಸರ್ ಅಸ್ಟೋರಿಯಾಗಳಿಗೆ ಎಣ್ಣೆ ತುಂಬಿಸಿ, ಕಾವಲಿಗೆ ಸಿಮ್ಸ್ ಎಂಬ ಒಂದೇ ಡೆಸ್ಟ್ರಾಯರ್ (ಚಿಕ್ಕ, ವೇಗದ ಯುದ್ಧನೌಕೆ) ಇಟ್ಟುಕೊಂಡು ನಿಯೋಶೋ ಪಡೆಯಿಂದ ದೂರ ಸರಿಯಿತು. ಮರುದಿನ ಬೆಳಿಗ್ಗೆ ಜಪಾನಿ ಶೋಧ ವಿಮಾನವೊಂದು ಇವೆರಡನ್ನೂ ನೋಡಿ "ಒಂದು ವಿಮಾನವಾಹಕ, ಒಂದು ಕ್ರೂಸರ್" ಎಂದು ವರದಿ ಮಾಡಿತು. ಮೇಲಿನಿಂದ ನೋಡಿದರೆ ಉದ್ದವಾದ ಚಪ್ಪಟೆ ಡೆಕ್ಕು, ಹಿಂದುಗಡೆ ಒಂದು ಗೋಪುರ. ಮೋಸ ಹೋದದ್ದರಲ್ಲಿ ಅಂಥ ಆಶ್ಚರ್ಯವಿಲ್ಲ. ಜಪಾನಿ ವಿಮಾನವಾಹಕಗಳಾದ ಶೋಕಾಕು, ಜುಯಿಕಾಕುಗಳಿಂದ 78 ವಿಮಾನ ಹೊರಟವು. ನಿಜ ತಿಳಿದ ಮೇಲೆ ಟಾರ್ಪೆಡೋ ವಿಮಾನಗಳು ಹಿಂತಿರುಗಿದವು, 36 ಡೈವ್ ಬಾಂಬರ್‌ಗಳು ಎರಗಿದವು. ಅದೇ ಹೊತ್ತಿಗೆ ಅಮೆರಿಕದ ವಿಮಾನಗಳು ಶೋಹೋ ಎಂಬ ಇನ್ನೊಂದು ಜಪಾನಿ ವಿಮಾನವಾಹಕವನ್ನು ಮುಳುಗಿಸುತ್ತಿದ್ದವು. ಒಂದು ತೈಲ ಹಡಗು ತಾನು ಉದ್ದೇಶಿಸದೆಯೇ ಎರಡು ವಿಮಾನವಾಹಕಗಳ ದಾಳಿಯನ್ನು ತನ್ನ ಮೇಲೆಳೆದುಕೊಂಡಿತ್ತು.

ಸಿಮ್ಸ್‌ಗೆ ಮೂರು ಬಾಂಬು ತಗುಲಿತು, ಎರಡು ತುಂಡಾಗಿ ಮುಳುಗಿತು. ನಿಯೋಶೋಗೆ ಏಳು ನೇರ ಏಟು, ಜೊತೆಗೆ ಡೆಕ್ಕಿಗೇ ಬಂದು ಅಪ್ಪಳಿಸಿದ ಒಂದು ವಿಮಾನ. ಹಡಗು ಸುಮಾರು 30 ಡಿಗ್ರಿ ವಾಲಿತು. ಆದರೂ ಮುಳುಗಲಿಲ್ಲ. ತೈಲ ಹಡಗಿನ ಹೊಟ್ಟೆಯನ್ನು ಉದ್ದಕ್ಕೂ ಅಡ್ಡಕ್ಕೂ ಉಕ್ಕಿನ ಗೋಡೆಗಳಿಂದ ಹತ್ತಾರು ಟ್ಯಾಂಕುಗಳಾಗಿ ಸೀಳಿರುತ್ತಾರೆ. ಎಣ್ಣೆಯಿದ್ದ ಟ್ಯಾಂಕು ತೂತಾದರೆ ಎಣ್ಣೆ ಹೋಗಿ ನೀರು ಬರುತ್ತದೆ. ಎಣ್ಣೆ ನೀರಿಗಿಂತ ಸ್ವಲ್ಪವೇ ಹಗುರ, ಹಾಗಾಗಿ ಏರುವ ಭಾರ ಅಲ್ಪ. ಬರಿದಾದ, ಬಿಗಿಯಾಗಿ ಮುಚ್ಚಿದ ಟ್ಯಾಂಕಂತೂ ಹಡಗನ್ನು ಮೇಲೆತ್ತಿ ಹಿಡಿಯುತ್ತದೆ. ದುರ್ಬಲವಾದದ್ದು ಹಿಂಭಾಗ: ಬಾಯ್ಲರ್, ಎಂಜಿನ್ ಇರುವ ಕೋಣೆಗಳು. ಅವು ಕೆಟ್ಟರೆ ಪಂಪಿಲ್ಲ, ವಿದ್ಯುತ್ತಿಲ್ಲ, ಚುಕ್ಕಾಣಿಯಿಲ್ಲ.

ಆ ಕೋಣೆಗಳಿಗೆ ಸಂಬಂಧಿಸಿದ ಒಂದು ಹೆಸರು ಹೇಳಲೇಬೇಕು: ಆಸ್ಕರ್ ಪೀಟರ್ಸನ್. ಬಾಯ್ಲರ್ ವಿಭಾಗದ ಹಿರಿಯ ನಾವಿಕ. ದುರಸ್ತಿ ತಂಡದ ಉಳಿದವರು ಗಾಯಗೊಂಡು ಬಿದ್ದಿದ್ದರು, ತನಗೂ ದೊಡ್ಡ ಗಾಯ. ಆದರೂ ಹಬೆಯ ಕೊಳವೆಗಳ ವಾಲ್ವ್‌ಗಳನ್ನು ಒಬ್ಬರೇ ಮುಚ್ಚಿ, ಮತ್ತಷ್ಟು ಸುಟ್ಟುಕೊಂಡು, ಆ ಗಾಯಗಳಿಂದಲೇ ತೀರಿಕೊಂಡರು. ಮರಣೋತ್ತರವಾಗಿ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಕೊಟ್ಟರು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಫಿಲಿಪ್ಸ್ ಕೊಟ್ಟ ಆದೇಶ "ಹಡಗು ಬಿಡಲು ಸಿದ್ಧರಾಗಿ, ಕಾಯುತ್ತಿರಿ" ಎಂದು. ಗದ್ದಲ, ಬೆಂಕಿ, ಹೊಗೆಯ ನಡುವೆ ಬಹಳ ಜನಕ್ಕೆ ಕೇಳಿಸಿದ್ದು "ಹಡಗು ಬಿಡಿ" ಎಂದಷ್ಟೇ. ನೀರಿಗೆ ಹಾರಿದರು, ತೆಪ್ಪಗಳನ್ನು ಇಳಿಸಿದರು. ಮೋಟಾರು ದೋಣಿಗಳು ಕೆಲವರನ್ನು ವಾಪಸು ತಂದವು. ತೆಪ್ಪಗಳು ಗಾಳಿ, ಪ್ರವಾಹಕ್ಕೆ ಸಿಕ್ಕಿ ಕಣ್ಮರೆಯಾದವು. ಹಾಜರಿ ತೆಗೆದಾಗ ಸತ್ತದ್ದು ಖಚಿತವಾದವರು 20, ಕಾಣೆಯಾದವರು 158. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಇದರ ಮೇಲೆ ಇನ್ನೊಂದು ಎಡವಟ್ಟು. ರೇಡಿಯೋದಲ್ಲಿ ಕಳಿಸಿದ ಅಕ್ಷಾಂಶ-ರೇಖಾಂಶವೇ ತಪ್ಪಾಗಿತ್ತು, ಹತ್ತಾರು ಮೈಲಿಯಷ್ಟು. ಲೆಕ್ಕವನ್ನು ಮತ್ತೆ ಪರಿಶೀಲಿಸಿದಾಗಷ್ಟೇ ಗೊತ್ತಾಯಿತು. ಅಷ್ಟರಲ್ಲಿ ಹುಡುಕಲು ಹೊರಟಿದ್ದ ಡೆಸ್ಟ್ರಾಯರ್ ಮೊನಾಹನ್‌ಗೆ ಏನೂ ಸಿಕ್ಕಿರಲಿಲ್ಲ. ಎಂಜಿನ್ ಇಲ್ಲದ ಹಡಗು ತೇಲಿಕೊಂಡು ಹೋಗುತ್ತಲೇ ಇರುವುದರಿಂದ, ಮೊದಲ ಬಿಂದು ತಪ್ಪಿದರೆ ಅದರ ಮೇಲೆ ಮಾಡುವ ಎಲ್ಲ ಅಂದಾಜೂ ತಪ್ಪುತ್ತದೆ.

ಮೇ 11ರಂದು ಕ್ಯಾಟಲಿನಾ ವಿಮಾನವೊಂದು ಕಂಡುಹಿಡಿದ ಮೇಲೆ ಡೆಸ್ಟ್ರಾಯರ್ ಹೆನ್ಲಿ ಬಂದು 123 ಜನರನ್ನು ಹತ್ತಿಸಿಕೊಂಡಿತು. ಇವರಲ್ಲಿ ಸಿಮ್ಸ್‌ನ 14 ಮಂದಿಯೂ ಇದ್ದರು. ನಿಯೋಶೋವನ್ನು ಎಳೆದೊಯ್ಯುವ ಸ್ಥಿತಿ ಇರಲಿಲ್ಲ, ಹೆನ್ಲಿಯೇ ಅದನ್ನು ಮುಳುಗಿಸಿತು. ಒಟ್ಟಿಗೆ ಕಟ್ಟಿಕೊಂಡಿದ್ದ ತೆಪ್ಪಗಳಲ್ಲಿ 68 ಜನ ಇದ್ದರು. ವಾರಕ್ಕೂ ಹೆಚ್ಚು ದಿನಗಳ ನಂತರ ಹೆಲ್ಮ್ ಎಂಬ ಡೆಸ್ಟ್ರಾಯರ್‌ಗೆ ಜೀವಂತ ಸಿಕ್ಕಿದವರು ನಾಲ್ವರು.

ದಾಖಲೆ ಹುಡುಕುವಾಗ ಒಂದು ಎಚ್ಚರಿಕೆ. ಇದರ ಸಂಖ್ಯೆ ಎಒ-23. 1942ರಲ್ಲೇ ಅದೇ ಹೆಸರಿನಲ್ಲಿ ಇನ್ನೊಂದು ತೈಲ ಹಡಗು, ಎಒ-48, ಸೇವೆಗೆ ಬಂತು. 1942ರ ಮೇ ನಂತರ ತೆಗೆದ ನಿಯೋಶೋ ಚಿತ್ರಗಳು ಈ ಹಡಗಿನವಲ್ಲ.