ಕಾರಿನ ವಿಮೆ ಮುಗಿದ ಎರಡನೇ ದಿನ ನಂತೂರು ಸರ್ಕಲ್‌ನಲ್ಲಿ ಸ್ಕೂಟರಿಗೆ ಡಿಕ್ಕಿಯಾಯಿತು. ರಿನ್ಯೂ ಮಾಡಲು 90 ದಿನ ಇದೆಯಲ್ವಾ, ಕಂಪನಿ ದುಡ್ಡು ಕೊಡುತ್ತದಾ?

ಇಲ್ಲ, ಕೊಡುವುದಿಲ್ಲ. ಆ 90 ದಿನ ಇರುವುದು ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಉಳಿಸಿಕೊಳ್ಳಲು ಮಾತ್ರ. ರಕ್ಷಣೆ ಪಾಲಿಸಿಯ ಕೊನೆಯ ದಿನ ಮಧ್ಯರಾತ್ರಿಗೇ ಮುಗಿಯುತ್ತದೆ. ಇವತ್ತು ಓಡಿ ಹೋಗಿ ರಿನ್ಯೂ ಮಾಡಿಸಿದರೂ ಹಳೇ ಡಿಕ್ಕಿಗೆ ಅದು ಬರುವುದಿಲ್ಲ. ವಿಮೆ ಇರುವುದು ಮುಂದೆ ಆಗಬಹುದಾದ ನಷ್ಟಕ್ಕೆ, ಆಗಿಹೋದದ್ದಕ್ಕಲ್ಲ.

ಬಂಪರ್ ಖರ್ಚು ಬಿಡಿ, ಅದು ಚಿಕ್ಕದು. ತಪ್ಪು ನಿಮ್ಮದಾಗಿದ್ದು ಸ್ಕೂಟರಿನವರಿಗೆ ಪೆಟ್ಟಾಗಿದ್ದರೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಹೇಳಿದಷ್ಟನ್ನು ಕಾರಿನ ಮಾಲೀಕರೇ ಕೈಯಿಂದ ಕಟ್ಟಬೇಕಾಗುತ್ತದೆ. ವಿಮೆಯಿಲ್ಲದೆ ಓಡಿಸಿದ್ದಕ್ಕೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ತಪ್ಪು ಎದುರಿನವರದ್ದಾದರೆ ಅವರ ಥರ್ಡ್ ಪಾರ್ಟಿ ವಿಮೆಯಿಂದ, ಅಂದರೆ ಬೇರೆಯವರಿಗೆ ಆದ ನಷ್ಟ ತುಂಬುವ ವಿಮೆಯಿಂದ, ನೀವು ಪರಿಹಾರ ಕೇಳಬಹುದು.